ಟ್ಯಾಗ್ ಸಿಕ್ಕರೆ ಸಾಲದು, ಕಾಲಿಡಲು ನೆಲ ಬೇಕು: ಗೈಡ್ ಇಲ್ಲದ ಪ್ರಾಂಗ್‌ಹಾರ್ನ್ ಬೇಟೆಗೆ ಎಲ್ಲಿ ಅರ್ಜಿ ಹಾಕಬೇಕು?

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ರೈತರ ಮನೆಯವನು. ನಮ್ಮ ಮೆಕ್ಕೆಜೋಳದ ಹೊಲಕ್ಕೆ ನುಗ್ಗುವ ಚಿಗರಿಗಳನ್ನು ಓಡಿಸುತ್ತ ಬೆಳೆದೆ. ಈಗ ನಾಲ್ಕು ವರ್ಷಗಳಿಂದ ಎಚ್‌-1ಬಿ ವೀಸಾದ ಮೇಲೆ ಕೊಲರಾಡೊದ ಡೆನ್ವರ್ ಬಳಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಳೆದ ಶರತ್ಕಾಲದಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ವಯೋಮಿಂಗಿಗೆ ಹೋಗಿ ಪ್ರಾಂಗ್‌ಹಾರ್ನ್ ಆಂಟಿಲೋಪ್ ಎಂಬ, ಚಿಗರಿಯನ್ನು ಹೋಲುವ ಬಯಲು ಪ್ರಾಣಿಯ ಬೇಟೆಯನ್ನು ನೋಡಿಬಂದೆ. ಮುಂದಿನ ವರ್ಷ ನಾನೂ ಗೆಳೆಯನೂ ಗೈಡ್ ಇಲ್ಲದೆ ಹೋಗಬೇಕೆಂದಿದ್ದೇವೆ; ಅವನಿಗೆ ನಾಲ್ಕು ಪಾಯಿಂಟ್ (ಟ್ಯಾಗ್, ಅಂದರೆ ಒಂದು ಪ್ರಾಣಿಯನ್ನು ಹೊಡೆಯುವ ಪರವಾನಗಿ, ಹಂಚುವಾಗ ಆದ್ಯತೆ ತರುವ, ವರ್ಷ ವರ್ಷ ಕೂಡಿಸುವ ಅಂಕಗಳು) ಇವೆ, ನನಗೆ ಒಂದೂ ಇಲ್ಲ. ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ವೀಸಾದವರು ಕೋವಿ ಮುಟ್ಟುವಂತಿಲ್ಲ ಎನ್ನುತ್ತಾರೆ ಒಬ್ಬರು, ಹೊರರಾಜ್ಯದವರಿಗೆ ವಯೋಮಿಂಗಿನಲ್ಲಿ ಗೈಡ್ ಕಡ್ಡಾಯ ಎನ್ನುತ್ತಾರೆ ಇನ್ನೊಬ್ಬರು, ಹತ್ತು ವರ್ಷ ಪಾಯಿಂಟ್ ಕೂಡಿಸದೆ ಅರ್ಜಿ ಹಾಕುವುದೇ ದಂಡ ಎನ್ನುತ್ತಾರೆ ಮತ್ತೊಬ್ಬರು. ಅಂಕಿಅಂಶಗಳನ್ನೆಲ್ಲ ನೋಡಿ, ಪಾಯಿಂಟ್ ಇಲ್ಲದಿದ್ದರೂ ಟ್ಯಾಗ್ ಸಿಗುವ, ಬೇಟೆಯ ಯಶಸ್ಸು ಶೇ 90ರ ಹತ್ತಿರವಿರುವ ಈಶಾನ್ಯ ವಯೋಮಿಂಗಿನ ಒಂದು ವಲಯವನ್ನು ಆರಿಸಿಕೊಂಡಿದ್ದೇನೆ. ಆಯ್ಕೆ ಸರಿಯೇ? ಆ ಮಾಂಸ ಕೆಟ್ಟ ವಾಸನೆ ಹೊಡೆಯುತ್ತದೆಂದು ಕೇಳಿ ಹೆಂಡತಿ ಮನೆಗೆ ತರಬೇಡಿ ಎನ್ನುತ್ತಿದ್ದಾಳೆ, ಅದು ನಿಜವೇ? ಕೊಂಬನ್ನು ಊರಿಗೆ ಒಯ್ಯಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಅಡಿಯಲ್ಲಿರುವ ಆತಂಕ ಒಂದೇ: ದುಡ್ಡು ಕಟ್ಟಿ, ರಜೆ ಹಾಕಿ, ಐದಾರು ಗಂಟೆ ಗಾಡಿ ಓಡಿಸಿ ಹೋದ ಮೇಲೆ ಯಾವುದೋ ಕಾನೂನೋ ಯಾರದೋ ಬೇಲಿಯೋ ಅಡ್ಡ ಬಂದರೆ ಏನು ಮಾಡುವುದು ಎಂಬುದು. ಬೇಟೆ ಸುರಕ್ಷತೆಯ ತರಗತಿಗಳಲ್ಲಿ ಹೊಸಬರಿಗೆ ಪಾಠ ಹೇಳುತ್ತ, ಅವರಲ್ಲಿ ಕೆಲವರನ್ನು ಪ್ರತಿ ವರ್ಷ ಬಯಲಿಗೆ ಕರೆದೊಯ್ಯುತ್ತ ಬಂದಿರುವ ನನಗೆ ಈ ಆತಂಕ ಹೊಸದಲ್ಲ. ನೀವು ನೋಡಿದ ಅಂಕಿಗಳು ಸರಿಯಾಗಿಯೇ ಇವೆ, ಆದರೆ ಅವುಗಳಿಂದ ನೀವು ಮಾಡಿದ ಆಯ್ಕೆ ಸರಿಯಲ್ಲ. ಅದಕ್ಕೆ ಕಾರಣವನ್ನು ವಿವರವಾಗಿ ಹೇಳುತ್ತೇನೆ. ಅದಕ್ಕೂ ಮೊದಲು ಕೋವಿಯ ವಿಷಯ ಇತ್ಯರ್ಥವಾಗಬೇಕು, ಏಕೆಂದರೆ ಅಲ್ಲಿ ತಪ್ಪಿದರೆ ಹೋಗುವುದು ಬೇಟೆಯಷ್ಟೇ ಅಲ್ಲ, ವೀಸಾ ಕೂಡ.

ವೀಸಾದವರು ಕೋವಿ ಮುಟ್ಟುವಂತಿಲ್ಲ ಎಂಬ ಮಾತು ಅರ್ಧ ನಿಜ. ವಲಸೆಯೇತರ ವೀಸಾದ ಮೇಲೆ ಅಮೆರಿಕದಲ್ಲಿರುವವರು, ಅಂದರೆ ಎಚ್‌-1ಬಿ, ಎಚ್‌-4, ಎಫ್‌-1 ಇವರೆಲ್ಲರೂ, ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಆದರೆ ಅದೇ ಕಾನೂನು ಒಂದು ವಿನಾಯಿತಿಯನ್ನೂ ಕೊಟ್ಟಿದೆ: ಅಮೆರಿಕದ ಯಾವುದಾದರೂ ರಾಜ್ಯ ಕ್ರಮಬದ್ಧವಾಗಿ ನೀಡಿದ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಉಳ್ಳವರಿಗೆ ಈ ನಿಷೇಧವಿಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಹೀಗಾಗಿ ನಿಮ್ಮ ಕೆಲಸದ ಕ್ರಮ ಇಷ್ಟು: ಮೊದಲು ಬೇಟೆ ಸುರಕ್ಷತೆಯ ತರಗತಿ ಮುಗಿಸಿ ಪ್ರಮಾಣಪತ್ರ ಪಡೆಯಿರಿ, ನಿಮ್ಮ ವಯಸ್ಸಿನವರಿಗೆ ಕೊಲರಾಡೊ, ವಯೋಮಿಂಗ್ ಎರಡೂ ಕಡೆ ಅದು ಬೇಕು. ಆಮೇಲೆ ಕೊಲರಾಡೊದ ವಾರ್ಷಿಕ ಸಣ್ಣ ಬೇಟೆಯ (ಮೊಲ, ಹಕ್ಕಿಗಳಂತಹ ಸಣ್ಣ ಪ್ರಾಣಿಗಳ ಬೇಟೆಯ) ಲೈಸೆನ್ಸ್ ಕೊಳ್ಳಿ. ರೇಂಜಿಗೆ ಹೋಗುವುದು, ಕೋವಿ ಕೊಳ್ಳುವುದು, ಗೆಳೆಯನ ಕೋವಿಯನ್ನು ಕೈಗೆ ತೆಗೆದುಕೊಳ್ಳುವುದು, ಎಲ್ಲವೂ ಅದರ ನಂತರ. ಆ ಲೈಸೆನ್ಸಿನ ಅವಧಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದನ್ನು ನವೀಕರಿಸಲು ಮರೆತರೆ ಏಪ್ರಿಲ್ ಒಂದರಂದು ನಿಮ್ಮ ಕಪಾಟಿನಲ್ಲಿ ಸುಮ್ಮನೆ ಮಲಗಿರುವ ರೈಫಲೇ ಅಪರಾಧದ ವಸ್ತುವಾಗುತ್ತದೆ. ಶಸ್ತ್ರಾಸ್ತ್ರದ ಅಪರಾಧ ಗಡೀಪಾರಿಗೆ ಕಾರಣವಾಗಬಲ್ಲದು. ಆದ್ದರಿಂದ ಕೋವಿ ಕೊಳ್ಳುವ ಮೊದಲು ವಲಸೆ ವಕೀಲರ ಹತ್ತಿರ ಅರ್ಧ ಗಂಟೆ ಮಾತಾಡಿ. ಆ ಫೀಸು ದುಬಾರಿ ಎಂದು ನನಗೆ ಇದುವರೆಗೆ ಅನಿಸಿಲ್ಲ.

ಗೈಡ್ ಕಡ್ಡಾಯ ಎಂಬ ಮಾತಿಗೂ ಒಂದು ಬೇರಿದೆ. ಫೆಡರಲ್ ಸರ್ಕಾರ ‘ವೈಲ್ಡರ್ನೆಸ್’ ಎಂದು ಘೋಷಿಸಿದ ಪ್ರದೇಶಗಳೊಳಗೆ ಹೊರರಾಜ್ಯದವರು ದೊಡ್ಡ ಪ್ರಾಣಿಗಳ ಬೇಟೆಯಾಡಬೇಕಾದರೆ ಲೈಸೆನ್ಸ್ ಉಳ್ಳ ಗೈಡ್ ಅಥವಾ ಅದಕ್ಕೆಂದು ಅನುಮತಿ ಪಡೆದ ಸ್ಥಳೀಯ ನಿವಾಸಿಯೊಬ್ಬರು ಜೊತೆಗಿರಬೇಕೆಂಬ ನಿಯಮ ವಯೋಮಿಂಗಿನಲ್ಲಿದೆ. ಆದರೆ ಆ ಪ್ರದೇಶಗಳು ಬಹುತೇಕ ಎತ್ತರದ ಬೆಟ್ಟ ಕಾಡುಗಳಲ್ಲಿವೆ. ಪ್ರಾಂಗ್‌ಹಾರ್ನ್ ಇರುವುದು ಸೇಜ್ ಪೊದೆಯ ಬಯಲಿನಲ್ಲಿ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುವವರ ಮಾತು ಬಾಯಿಂದ ಬಾಯಿಗೆ ದಾಟಿ ನಿಮ್ಮ ಬೇಟೆಗೂ ಅಂಟಿಕೊಂಡಿದೆ, ಅಷ್ಟೆ. ಪಶ್ಚಿಮದ ದೊಡ್ಡ ಬೇಟೆಗಳಲ್ಲಿ ಹೊಸಬರು ತಾವಾಗಿಯೇ ಹೋಗಿ ಕಲಿಯಲು ಪ್ರಾಂಗ್‌ಹಾರ್ನಿಗಿಂತ ಅನುಕೂಲವಾದ ಪ್ರಾಣಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ: ಹಗಲೆಲ್ಲ ಕಣ್ಣಿಗೆ ಬೀಳುತ್ತದೆ, ಒಂದು ಪ್ರಯತ್ನ ಕೆಟ್ಟರೆ ಅದೇ ದಿನ ಇನ್ನೊಂದಕ್ಕೆ ಅವಕಾಶ ಸಿಗುತ್ತದೆ, ಹೊಡೆದ ಮೇಲೆ ಇಬ್ಬರು ಹೊತ್ತು ತರಬಹುದು.

ಇನ್ನು ಪಾಯಿಂಟಿನ ಲೆಕ್ಕ. ವಯೋಮಿಂಗಿನಲ್ಲಿ ಆಂಟಿಲೋಪ್ ಟ್ಯಾಗುಗಳಲ್ಲಿ ಶೇ 20ರಷ್ಟು ಹೊರರಾಜ್ಯದವರ ಪಾಲು. ಕೆಲವು ವಲಯಗಳಲ್ಲಿ ಸ್ಥಳೀಯರು ಬಿಟ್ಟ ಟ್ಯಾಗುಗಳೂ ಇದಕ್ಕೆ ಸೇರುತ್ತವೆ. ಆ ಪಾಲಿನ ಮುಕ್ಕಾಲು ಭಾಗವನ್ನು ಹೆಚ್ಚು ಪಾಯಿಂಟ್ ಇದ್ದವರಿಗೆ ಮೊದಲು ಎಂಬ ಕ್ರಮದಲ್ಲಿ ಹಂಚುತ್ತಾರೆ, ಉಳಿದ ಕಾಲು ಭಾಗ ಪಾಯಿಂಟ್ ನೋಡದ ಶುದ್ಧ ಲಾಟರಿ. ಆದ್ದರಿಂದ ಸೊನ್ನೆ ಪಾಯಿಂಟಿನವರಿಗೆ ಬಾಗಿಲು ಹೆಚ್ಚಿನ ಕಡೆ ಪೂರ್ತಿ ಮುಚ್ಚಿರುವುದಿಲ್ಲ. ಅರ್ಜಿಯಲ್ಲಿ ಎರಡು ದರಗಳಿವೆ: ಸಾಮಾನ್ಯ ದರ 326 ಡಾಲರ್, ವಿಶೇಷ ದರ 2024ರಿಂದ 1,200 ಡಾಲರ್, ಇವುಗಳ ಮೇಲೆ 15 ಡಾಲರ್ ಅರ್ಜಿ ಶುಲ್ಕ. ವಿಶೇಷ ದರ ಕಟ್ಟಿದರೆ ಸಿಗುವುದು ಬೇರೆ ಪ್ರಾಣಿಯೂ ಅಲ್ಲ, ಬೇರೆ ಸೀಸನ್ನೂ ಅಲ್ಲ. ಕಡಿಮೆ ಜನ ನಿಂತಿರುವ ಇನ್ನೊಂದು ಸಾಲು, ಅಷ್ಟೇ. ಮೊದಲ ಬೇಟೆಗೆ ಅದನ್ನು ಕಟ್ಟುವುದು ಬೇಡ. ನೀವಿಬ್ಬರೂ ಒಟ್ಟಿಗೆ ಅರ್ಜಿ ಹಾಕಿದರೆ ಪಾಯಿಂಟುಗಳ ಸರಾಸರಿ ಹಿಡಿಯುತ್ತಾರೆ. ನಾಲ್ಕೂ ಸೊನ್ನೆಯೂ ಸೇರಿ ಇಬ್ಬರೂ ಎರಡು ಪಾಯಿಂಟಿನವರಾಗುತ್ತೀರಿ. ಟ್ಯಾಗ್ ಬಂದರೆ ಗೆಳೆಯನ ನಾಲ್ಕೂ ಖರ್ಚಾಗುತ್ತವೆ ಎಂಬುದನ್ನು ಅರ್ಜಿಗೆ ಮುಂಚೆಯೇ ಅವನಿಗೆ ತಿಳಿಸಿ. ಇದನ್ನು ಆಮೇಲೆ ತಿಳಿದು ಮಾತು ಬಿಟ್ಟ ಜೋಡಿಗಳನ್ನು ನಾನು ಕಂಡಿದ್ದೇನೆ. ಟ್ಯಾಗ್ ಬರದಿದ್ದರೆ ಜುಲೈಯಿಂದ ಅಕ್ಟೋಬರ್ ಒಳಗೆ 31 ಡಾಲರ್ ಕೊಟ್ಟು ಒಂದು ಪಾಯಿಂಟ್ ಕೊಳ್ಳಬಹುದು. ಹತ್ತು ವರ್ಷ ಕಾಯಿರಿ ಎಂಬ ಸಲಹೆ ದೊಡ್ಡ ಕೊಂಬಿನ ಗಂಡಿಗೆ ಹೆಸರಾದ ಕೆಲವು ವಲಯಗಳಿಗೆ ಹೊಂದಬಹುದು. ಆದರೆ ಎಲ್ಲರೂ ಕೂಡಿಸುತ್ತಲೇ ಹೋಗುವುದರಿಂದ ಅಲ್ಲಿ ಬೇಕಾದ ಪಾಯಿಂಟೂ ವರ್ಷದಿಂದ ವರ್ಷಕ್ಕೆ ಏರುತ್ತದೆ. ನೀವು ಹತ್ತು ಮುಟ್ಟುವ ಹೊತ್ತಿಗೆ ಅಲ್ಲಿ ಹನ್ನೆರಡು ಬೇಕಾಗಿರುತ್ತದೆ.

ಈಗ ನಿಮ್ಮ ವಲಯದ ವಿಷಯಕ್ಕೆ ಬರುತ್ತೇನೆ. ಪ್ರಾಣಿ ಹೇರಳವಾಗಿದೆ, ಬೇಟೆ ಶೇ 90ರಷ್ಟು ಯಶಸ್ವಿಯಾಗುತ್ತದೆ, ಆದರೂ ಟ್ಯಾಗ್ ಪಾಯಿಂಟ್ ಇಲ್ಲದವರಿಗೂ ಸಿಗುತ್ತದೆ ಎಂದರೆ ಸಂತೋಷಪಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಷ್ಟು ಒಳ್ಳೆಯ ಜಾಗವನ್ನು ಉಳಿದವರೆಲ್ಲ ಏಕೆ ಬಿಟ್ಟಿದ್ದಾರೆ? ಉತ್ತರ ಹೆಚ್ಚಿನ ಸಲ ನೆಲದಲ್ಲಿದೆ. ಪೂರ್ವ ಮತ್ತು ಈಶಾನ್ಯ ವಯೋಮಿಂಗಿನ ಬಹುಭಾಗ ಖಾಸಗಿ ರ‍್ಯಾಂಚುಗಳ ಜಮೀನು. ಅದರ ನಡುವೆ ಸರ್ಕಾರಿ ಭೂಮಿ ಇದ್ದರೂ ಅದು ಚೂರುಚೂರಾಗಿ, ಎಷ್ಟೋ ಕಡೆ ಸುತ್ತಲೂ ಖಾಸಗಿ ಜಮೀನಿನಿಂದ ಆವೃತವಾಗಿ ಬಿದ್ದಿದೆ. ನಮ್ಮ ಗೋಮಾಳವನ್ನು ನೆನಪಿಸಿಕೊಳ್ಳಿ: ದಾಖಲೆಯಲ್ಲಿ ಅದು ಸರ್ಕಾರದ್ದು, ಮೇಯುವುದು ಊರ ದನ, ಆದರೆ ಅಲ್ಲಿಗೆ ಹೋಗುವ ದಾರಿ ಯಾರದೋ ಹೊಲದ ಬದುವಿನ ಮೇಲಿದ್ದರೆ ಗೋಮಾಳವಿದ್ದೂ ನಿಮಗೆ ಇಲ್ಲದಂತೆಯೇ. ಟ್ಯಾಗ್ ಎಂಬುದು ಆ ವಲಯದಲ್ಲಿ ಒಂದು ಪ್ರಾಣಿಯನ್ನು ಹೊಡೆಯಲು ರಾಜ್ಯ ಕೊಡುವ ಅನುಮತಿ. ಯಾರ ಜಮೀನಿನೊಳಗೂ ಕಾಲಿಡಲು ಅದು ಅನುಮತಿಯಲ್ಲ. ವಯೋಮಿಂಗಿನಲ್ಲಿ ಖಾಸಗಿ ಜಮೀನಿನಲ್ಲಿ ಬೇಟೆಯಾಡುವವರ ಬಳಿ ಮಾಲೀಕರ ಸಹಿ ಅಥವಾ ಒಪ್ಪಿಗೆಯ ಬೇರೆ ಪುರಾವೆ ಇರಲೇಬೇಕು.

ನನ್ನ ಮೊದಲ ಬೇಟೆಯಲ್ಲಿ ನಾನು ಎಡವಿದ್ದೂ ಇಲ್ಲಿಯೇ. ಸುಲಭವಾಗಿ ಸಿಕ್ಕ ಟ್ಯಾಗಿನೊಂದಿಗೆ ಆ ಕಡೆಗೇ ಹೋಗಿದ್ದೆ. ಮೊದಲ ಬೆಳಿಗ್ಗೆ ಕಚ್ಚಾ ರಸ್ತೆಯ ಪಕ್ಕ ಗಾಡಿ ನಿಲ್ಲಿಸಿದಾಗ ಮುಳ್ಳುತಂತಿಯ ಆಚೆ, ಇನ್ನೂರು ಗಜವೂ ಇಲ್ಲದ ದೂರದಲ್ಲಿ, ಕುದುರೆಮಸಾಲೆ ಸೊಪ್ಪಿನ ಹಸಿರು ಹೊಲದಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಾಂಗ್‌ಹಾರ್ನ್‌ಗಳು ಮೇಯುತ್ತಿದ್ದವು. ಅವುಗಳಲ್ಲೊಂದು ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ಮೇಯತೊಡಗಿತು. ತಂತಿಯ ಈಚೆ ಇದ್ದ ಸರ್ಕಾರಿ ನೆಲದಲ್ಲಿ ಒಣಗಿದ ಸೇಜ್ ಪೊದೆಯನ್ನು ಬಿಟ್ಟರೆ ಏನೂ ಇರಲಿಲ್ಲ. ಮೂರು ರ‍್ಯಾಂಚುಗಳ ಬಾಗಿಲು ತಟ್ಟಿದೆ. ಒಬ್ಬರು ಕಾಫಿ ಕೊಟ್ಟು, ತಮ್ಮ ಜಮೀನು ಬೇಸಿಗೆಯಲ್ಲೇ ಬೇಟೆಗಾರರಿಗೆ ಕೊಟ್ಟಾಗಿದೆ ಎಂದು ಹೇಳಿ ಕಳುಹಿಸಿದರು. ನಾಲ್ಕು ದಿನ ಅದೇ ಹಿಂಡನ್ನು ಅದೇ ತಂತಿಯಾಚೆ ನೋಡಿ, ಒಂದು ತೋಟಾವನ್ನೂ ಹಾರಿಸದೆ ಮನೆಗೆ ಬಂದೆ.

ಆ ವರ್ಷವೂ ಆ ವಲಯದ ಯಶಸ್ಸಿನ ಪ್ರಮಾಣ ಬಹಳ ಚೆನ್ನಾಗಿತ್ತು. ಆ ಅಂಕಿಯನ್ನು ಮಾಡಿದವರು ಯಾರು ಎಂದು ನೋಡಿದರೆ, ಗೈಡ್ ಜೊತೆ ಹೋದವರು, ರ‍್ಯಾಂಚಿಗೆ ಹಣ ಕೊಟ್ಟವರು, ಮಾಲೀಕರ ನೆಂಟರು. ಜಮೀನಿನ ಒಳಗಿದ್ದವರ ಯಶಸ್ಸು ಬೇಲಿಯ ಹೊರಗೆ ನಿಂತವರಿಗೆ ಅನ್ವಯಿಸುವುದಿಲ್ಲ. ವಯೋಮಿಂಗಿನ ಗೇಮ್ ಅಂಡ್ ಫಿಶ್ ಇಲಾಖೆ ತನ್ನ ನಿಯಮಾವಳಿಯಲ್ಲೇ ಸಾರ್ವಜನಿಕ ಪ್ರವೇಶ ಕಷ್ಟವಿರುವ ವಲಯಗಳಿಗೆ ಗುರುತು ಹಾಕಿ ಎಚ್ಚರಿಸುತ್ತದೆ. ಆ ಗುರುತನ್ನು ದಾಟಿ ನೇರವಾಗಿ ಶೇಕಡಾವಾರು ಅಂಕಣಕ್ಕೆ ಹೋಗುವವರೇ ಹೆಚ್ಚು. ಬೇಟೆಯ ವರದಿಯಲ್ಲಿ ಯಶಸ್ಸಿನ ಪಕ್ಕದಲ್ಲಿ ಒಂದು ಪ್ರಾಣಿಗೆ ಸರಾಸರಿ ಎಷ್ಟು ದಿನ ಹಿಡಿಯಿತು ಎಂಬ ಲೆಕ್ಕವೂ ಇರುತ್ತದೆ. ಸರ್ಕಾರಿ ನೆಲ ಹೇರಳವಾಗಿರುವ ವಲಯದಲ್ಲಿ ಆ ದಿನಗಳು ಸ್ವಲ್ಪ ಹೆಚ್ಚಿದ್ದರೂ ನಾನು ಅದನ್ನೇ ಆರಿಸುತ್ತೇನೆ.

ಹಾಗಾಗಿ ಕೆಲಸವನ್ನು ತಿರುಗುಮುರುಗಾಗಿ ಮಾಡಿ. ಮೊದಲು ಭೂ ಒಡೆತನದ ನಕ್ಷೆ, ಆಮೇಲೆ ಡ್ರಾದ, ಅಂದರೆ ಟ್ಯಾಗ್ ಹಂಚಿಕೆಯ, ಅಂಕಿಗಳು. ಇಲಾಖೆಯ ಜಾಲತಾಣದಲ್ಲಿರುವ ಹಂಟ್ ಪ್ಲಾನರ್ ಅಥವಾ ಆನ್‌ಎಕ್ಸ್‌ನಂತಹ ಆ್ಯಪ್‌ನಲ್ಲಿ ವಲಯವನ್ನು ತೆರೆದು, ಬಿಎಲ್‌ಎಂ, ಅಂದರೆ ಫೆಡರಲ್ ಭೂ ನಿರ್ವಹಣಾ ಇಲಾಖೆಯ ಜಮೀನನ್ನೂ ರಾಜ್ಯದ ಜಮೀನನ್ನೂ ಗುರುತಿಸಿ. ವಲಯದಲ್ಲಿ ಒಟ್ಟು ಎಷ್ಟು ಸರ್ಕಾರಿ ನೆಲವಿದೆ ಎಂದು ಎಣಿಸಬೇಡಿ. ಸಾರ್ವಜನಿಕ ರಸ್ತೆಯಿಂದ ಇಳಿದು, ಯಾರ ಜಮೀನನ್ನೂ ತುಳಿಯದೆ, ಒಂದೇ ದಿಕ್ಕಿನಲ್ಲಿ ಎರಡು ಮೂರು ಮೈಲಿ ನಡೆಯಬಹುದಾದ ತುಂಡುಗಳು ಎಷ್ಟಿವೆ ಎಂದು ಎಣಿಸಿ. ಅಂತಹ ತುಂಡುಗಳು ಐದಾರಾದರೂ ಸಿಗದ ವಲಯಕ್ಕೆ ನಾನು ಹೊಸಬರನ್ನು ಕಳುಹಿಸುವುದಿಲ್ಲ, ಏಕೆಂದರೆ ಸೀಸನ್ನಿನ ಮೊದಲ ದಿನ ಅವುಗಳಲ್ಲಿ ಎರಡರಲ್ಲಿ ಬೇರೆಯವರ ಗಾಡಿ ನಿಂತಿರುತ್ತದೆ, ಒಂದರಲ್ಲಿ ಪ್ರಾಣಿಯೇ ಇರುವುದಿಲ್ಲ. ನಕ್ಷೆಯಲ್ಲಿ ಕಾಣುವ ಜೋಡಿಗೆರೆಯ ಗಾಡಿದಾರಿಗಳೆಲ್ಲ ಸಾರ್ವಜನಿಕವಲ್ಲ ಎಂಬುದೂ ನೆನಪಿರಲಿ. ಇಲಾಖೆಯ ‘ಆಕ್ಸೆಸ್ ಯೆಸ್’ ಯೋಜನೆಯಡಿ ಕೆಲವು ಖಾಸಗಿ ಜಮೀನುಗಳೂ ಬೇಟೆಗಾರರಿಗೆ ತೆರೆದಿರುತ್ತವೆ. ಕೆಲವಕ್ಕೆ ನಡೆದು ಹೋದರೆ ಸಾಕು, ಕೆಲವಕ್ಕೆ ಮೊದಲೇ ಅನುಮತಿ ಚೀಟಿ ಪಡೆಯಬೇಕು. ಮೇ ತಿಂಗಳಲ್ಲಿ ಆ ವಲಯದ ಜೀವಶಾಸ್ತ್ರಜ್ಞರಿಗೆ ಫೋನ್ ಮಾಡಿ. ಪ್ರಾಣಿ ಎಲ್ಲಿದೆ ಎಂದು ಕೇಳಬೇಡಿ, ಆ ಪ್ರಶ್ನೆಯನ್ನು ಅವರು ದಿನಕ್ಕೆ ಇಪ್ಪತ್ತು ಸಲ ಕೇಳಿಸಿಕೊಂಡಿರುತ್ತಾರೆ. ನೀವೇ ಗುರುತಿಸಿದ ತುಂಡುಗಳನ್ನು ಹೆಸರಿಸಿ, ಸೆಪ್ಟೆಂಬರಿನಲ್ಲಿ ಅಲ್ಲಿ ನೀರಿರುತ್ತದೆಯೇ, ಜನಜಂಗುಳಿ ಹೇಗೆ ಎಂದು ಕೇಳಿ. ಮನೆಪಾಠ ಮಾಡಿ ಬಂದವರಿಗೆ ಅವರು ಬಿಚ್ಚಿ ಹೇಳುತ್ತಾರೆ.

ದಕ್ಷಿಣ ವಯೋಮಿಂಗಿನ ನಕ್ಷೆ ತೆರೆದಾಗ ನಿಮಗೆ ಚದುರಂಗದ ಮಣೆ ಕಾಣುತ್ತದೆ: ಒಂದು ಚೌಕ ಸರ್ಕಾರದ್ದು, ಪಕ್ಕದ್ದು ಖಾಸಗಿ, ಅದರ ಪಕ್ಕದ್ದು ಮತ್ತೆ ಸರ್ಕಾರದ್ದು. 1860ರ ದಶಕದಲ್ಲಿ ಯೂನಿಯನ್ ಪೆಸಿಫಿಕ್ ರೈಲು ಹಾದಿ ಹಾಕಿಸಲು ಅಮೆರಿಕದ ಸರ್ಕಾರ ಹಳಿಯ ಎರಡೂ ಬದಿಗೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಯ ಚೌಕಗಳನ್ನು ಕಂಪನಿಗೆ ಕೊಟ್ಟದ್ದರ ಫಲ ಇದು. ಎರಡು ಸರ್ಕಾರಿ ಚೌಕಗಳು ಮೂಲೆಗೆ ಮೂಲೆ ತಾಗುವಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟಬಹುದೇ ಎಂಬುದು ದಶಕಗಳ ಜಗಳವಾಗಿತ್ತು. ಎಲ್ಕ್ ಮೌಂಟನ್ ಬಳಿ ಮಿಸೌರಿಯ ನಾಲ್ವರು ಬೇಟೆಗಾರರು ಖಾಸಗಿ ನೆಲಕ್ಕೆ ಕಾಲು ತಾಗದಂತೆ ಏಣಿಯಿಟ್ಟು ಮೂಲೆ ದಾಟಿದ ಪ್ರಕರಣದಲ್ಲಿ 2022ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿಗಳೆಂದಿತು. ಜಮೀನಿನ ಮಾಲೀಕರು ಹೂಡಿದ ಸಿವಿಲ್ ದಾವೆಯಲ್ಲೂ 2025ರ ಮಾರ್ಚಿನಲ್ಲಿ ಹತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಬೇಟೆಗಾರರ ಪರ ತೀರ್ಪು ಕೊಟ್ಟಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ವಯೋಮಿಂಗ್, ಕೊಲರಾಡೊ ಎರಡೂ ಆ ನ್ಯಾಯಾಲಯದ ವ್ಯಾಪ್ತಿಯಲ್ಲಿವೆ, ಮೊಂಟಾನಾ ಇಲ್ಲ. ಇಷ್ಟಿದ್ದರೂ ವೀಸಾದ ಮೇಲಿರುವ ನೀವು ಮೊದಲ ವರ್ಷವೇ ಮೂಲೆ ದಾಟುವ ಯೋಜನೆ ಹಾಕಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಫೋನಿನ ಜಿಪಿಎಸ್ ಹಲವು ಅಡಿ ತಪ್ಪಬಹುದು, ಸರ್ವೆಯ ಗೂಟ ಸಿಗದಿದ್ದರೆ ನೀವು ದಾಟಿದ್ದು ಮೂಲೆಯೋ ಯಾರದೋ ಜಮೀನೋ ಎಂದು ಸಾಬೀತುಪಡಿಸುವುದು ಕಷ್ಟ. ಗೆಲ್ಲಬಹುದಾದ ಮೊಕದ್ದಮೆಯೂ ಮೊಕದ್ದಮೆಯೇ.

ಹಾಗಾದರೆ ಎಲ್ಲಿ ಅರ್ಜಿ ಹಾಕಬೇಕು? ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ರಾಜ್ಯಗಳಿಗೆ ಹಾಕುತ್ತಿದ್ದೆ. ಕೊಲರಾಡೊದಲ್ಲಿ ನೀವು ನಿವಾಸಿಗಳು, ಹೊರರಾಜ್ಯದವರು ಕೊಡುವುದರ ಸಣ್ಣ ಪಾಲಷ್ಟೇ ನಿಮಗೆ ಶುಲ್ಕ. ಅಲ್ಲಿನ ಡ್ರಾಗೆ ಅರ್ಜಿ ಏಪ್ರಿಲ್ ಆರಂಭದಲ್ಲೇ ಮುಗಿಯುತ್ತದೆ, ಅದಕ್ಕೆ ಮೊದಲು ಒಂದು ಅರ್ಹತಾ ಲೈಸೆನ್ಸ್ ಬೇಕು. ಮೇಲೆ ಹೇಳಿದ ಸಣ್ಣ ಬೇಟೆಯ ಲೈಸೆನ್ಸೇ ಹೊಸ ವರ್ಷದ್ದಾದರೆ ಆ ಕೆಲಸಕ್ಕೂ ಸಾಕು. ಗಂಡಿನ ರೈಫಲ್ ಟ್ಯಾಗಿಗೆ ಅಲ್ಲಿ ಹೆಚ್ಚಿನ ವಲಯಗಳಲ್ಲಿ ವರ್ಷಗಟ್ಟಲೆ ಕಾಯಬೇಕು, ಹೆಣ್ಣಿನ ಟ್ಯಾಗ್ ಅಷ್ಟು ಕಷ್ಟವಲ್ಲ. ಗ್ರೀಲಿಯ ಆಚೆಗಿರುವ ಪಾವ್ನೀ ರಾಷ್ಟ್ರೀಯ ಹುಲ್ಲುಗಾವಲು ನಿಮ್ಮ ಮನೆಯಿಂದ ಎರಡು ಗಂಟೆಯ ದಾರಿ. ಜೂನ್ ಜುಲೈಯಲ್ಲೇ ನಾಲ್ಕೈದು ಸಲ ಹೋಗಿ ಪ್ರಾಣಿಯ ಚಲನವಲನ ನೋಡಿಬರಬಹುದು. ಆ ಸೌಲಭ್ಯ ಉಳಿದವರಿಗೂ ಇರುವುದರಿಂದ ವಾರಾಂತ್ಯದಲ್ಲಿ ಜನ ಹೆಚ್ಚು. ಇನ್ನೊಂದು ತೊಡಕೂ ಇದೆ. ವಯೋಮಿಂಗಿನಲ್ಲಿ ರಾಜ್ಯದ ಟ್ರಸ್ಟ್ ಜಮೀನಿಗೆ (ಶಾಲೆ ಮೊದಲಾದವುಗಳ ಆದಾಯಕ್ಕೆಂದು ರಾಜ್ಯ ಇಟ್ಟುಕೊಂಡ ನೆಲ) ಸಾರ್ವಜನಿಕ ದಾರಿಯಿದ್ದರೆ ಬೇಟೆಗೆ ಹೋಗಬಹುದು, ಆದರೆ ರಾತ್ರಿ ಡೇರೆ ಹಾಕುವಂತಿಲ್ಲ. ಕೊಲರಾಡೊದಲ್ಲಾದರೋ ವನ್ಯಜೀವಿ ಇಲಾಖೆ ಗುತ್ತಿಗೆ ಪಡೆದು ತೆರೆದಿರುವ ಟ್ರಸ್ಟ್ ಜಮೀನಿಗೆ ಮಾತ್ರ ಪ್ರವೇಶ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಣ್ಣವಿರುವುದರಿಂದ ಗಡಿ ದಾಟಿ ಬಂದವರು ಇಲ್ಲಿ ಎಡವುತ್ತಾರೆ.

ಎರಡನೆಯದು ವಯೋಮಿಂಗ್. ಅಲ್ಲಿ ಅರ್ಜಿಯ ಗಡುವು ಜೂನ್ ಆರಂಭಕ್ಕೆ, ಅಂದರೆ ಕೊಲರಾಡೊ ಅರ್ಜಿ ಹಾಕಿದ ಮೇಲೂ ನಕ್ಷೆ ನೋಡಲು ನಿಮಗೆ ಎರಡು ತಿಂಗಳು ಸಿಗುತ್ತವೆ. ನಿಮ್ಮ ಸರಾಸರಿ ಎರಡು ಪಾಯಿಂಟಿಗೆ ಸಿಗಬಹುದಾದ, ಮಧ್ಯ ಅಥವಾ ದಕ್ಷಿಣ ಭಾಗದ, ಬಿಎಲ್‌ಎಂ ನೆಲ ಒತ್ತಾಗಿರುವ ಒಂದು ವಲಯವನ್ನು ಮೊದಲ ಆಯ್ಕೆಯಾಗಿ ಹಾಕಿ. ಹೆಸರಾಂತ ರೆಡ್ ಡೆಸರ್ಟ್ ಸುತ್ತಿನ ವಲಯಗಳಿಗೆ ಇಷ್ಟು ಪಾಯಿಂಟ್ ಸಾಲಲಾರದು. ಅಪಾಯ ಏನೆಂದರೆ ಟ್ಯಾಗ್ ಬರದೇ ಹೋಗಬಹುದು. ಬಂದರೂ ಪ್ರಾಣಿಯ ಸಾಂದ್ರತೆ ಈಶಾನ್ಯದಷ್ಟು ಇರದಿರಬಹುದು. ಹಿಂದಿನ ವರ್ಷಗಳ ಅಂಕಿಯನ್ನು ನಂಬುವಾಗಲೂ ಎಚ್ಚರ ಬೇಕು: 2022–23ರ ಭೀಕರ ಚಳಿಗಾಲದಲ್ಲಿ ಹಿಮ ಗಟ್ಟಿಯಾಗಿ ಸೇಜ್ ಪೊದೆ ಮುಚ್ಚಿಹೋಗಿ, ಜೊತೆಗೆ ನ್ಯುಮೋನಿಯಾ ತರುವ ಮೈಕೊಪ್ಲಾಸ್ಮಾ ಬೋವಿಸ್ ಸೋಂಕೂ ಹರಡಿ, ಪೈನ್‌ಡೇಲ್ ಸುತ್ತಿನ ಸಬ್ಲೆಟ್ ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಾಣಿಗಳು ಸತ್ತವು, ಟ್ಯಾಗುಗಳನ್ನು ಕಡಿತ ಮಾಡಬೇಕಾಯಿತು. ಅದಕ್ಕೂ ಮುಂಚಿನ ವರ್ಷಗಳ ಡ್ರಾ ಅಂಕಿ ಪಶ್ಚಿಮ ಭಾಗದ ಮಟ್ಟಿಗೆ ಹಳೆಯ ಪಂಚಾಂಗ.

ಇಲ್ಲ, ಈಶಾನ್ಯಕ್ಕೇ ಹೋಗುತ್ತೇನೆ ಎಂದರೆ ಅದೂ ಆಗದ ಮಾತಲ್ಲ. ಥಂಡರ್ ಬೇಸಿನ್ ರಾಷ್ಟ್ರೀಯ ಹುಲ್ಲುಗಾವಲಿನ ತುಂಡುಗಳು ಅಲ್ಲಿವೆ. ಅಥವಾ ಜೂನಿಗೆ ಮುಂಚೆಯೇ ಒಬ್ಬ ರ‍್ಯಾಂಚಿನವರೊಡನೆ ಮಾತಾಡಿ, ತಲೆಗೆ ಕೆಲವು ನೂರು ಡಾಲರ್ ಪ್ರವೇಶ ಶುಲ್ಕ ಒಪ್ಪಿಕೊಂಡು, ದಿನಾಂಕಗಳನ್ನು ಲಿಖಿತದಲ್ಲಿ ಪಡೆದು ಆಮೇಲೆ ಅರ್ಜಿ ಹಾಕಿ. ಇದು ಗೈಡ್ ಅಲ್ಲ, ಬರೀ ನೆಲದ ಬಾಡಿಗೆ, ಬೇಟೆ ನಿಮ್ಮದೇ. ಟ್ಯಾಗ್ ಬಂದ ಮೇಲೆ ಆಗಸ್ಟಿನಲ್ಲಿ ಹುಡುಕಲು ಹೊರಟರೆ ಒಳ್ಳೆಯ ಜಮೀನುಗಳು ಹೋಗಿಬಿಟ್ಟಿರುತ್ತವೆ. ಹೆಣ್ಣು ಮತ್ತು ಮರಿಯ ಟ್ಯಾಗಿಗೆ ಹೊರರಾಜ್ಯದವರಿಗೂ 34 ಡಾಲರ್ ಮಾತ್ರ, ಅದಕ್ಕೆ ಪಾಯಿಂಟೂ ಖರ್ಚಾಗುವುದಿಲ್ಲ. ಎಲ್ಲೆಲ್ಲಿ ಕೊಡುತ್ತಾರೋ ಅಲ್ಲಿ ಅದನ್ನೂ ಜೊತೆಗೆ ಹಾಕುವುದು ಜಾಣತನ.

ಬಯಲಿಗೆ ಇಳಿದ ಮೇಲಿನ ಮಾತು ಸ್ವಲ್ಪ. ಚಿಗರಿಯನ್ನು ಕಂಡ ಕಣ್ಣಿಗೆ ಪ್ರಾಂಗ್‌ಹಾರ್ನ್ ಪರಿಚಿತವೆನಿಸುತ್ತದೆ, ಆದರೆ ಸಂಬಂಧ ದೂರದ್ದು. ನಿಜವಾದ ಆಂಟಿಲೋಪ್‌ಗಳ ಕುಲಕ್ಕೆ ಅದು ಸೇರಿದ್ದಲ್ಲ, ಬದುಕಿರುವ ಹತ್ತಿರದ ಬಂಧುಗಳೆಂದರೆ ಜಿರಾಫೆ ಮತ್ತು ಒಕಾಪಿ. ಚಿಗರಿ ಬೆಚ್ಚಿದರೆ ನೆಗೆಯುತ್ತದೆ, ಪ್ರಾಂಗ್‌ಹಾರ್ನ್ ನೆಗೆಯಲು ಒಲ್ಲದು. ಬೇಲಿ ಎದುರಾದರೆ ಓಡುತ್ತಲೇ ಬಂದು ಕೆಳಗಿನ ತಂತಿಯಡಿ ನುಸುಳುತ್ತದೆ. ಹೊಸ ಜಾಗದಲ್ಲಿ ನಾನು ಮೊದಲು ಮಾಡುವುದು ಸರ್ಕಾರಿ ನೆಲದೊಳಗಿನ ಬೇಲಿಯ ಉದ್ದಕ್ಕೆ ನಡೆಯುವುದು. ಕೆಳತಂತಿಯ ಮುಳ್ಳಿಗೆ ಬಿಳಿ, ಕಂದು ಒರಟು ಕೂದಲಿನ ಗೊಂಚಲು ಸಿಕ್ಕಿಕೊಂಡು, ಅದರಡಿ ಮಣ್ಣು ಬಟ್ಟಲಿನಂತೆ ಸವೆದಿದ್ದರೆ ಹಿಂಡು ದಾಟುವ ಜಾಗ ಅದೇ. ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ಅಲ್ಲಿಂದ ನೂರೈವತ್ತು ಗಜ ಹಿಂದೆ ಒಂದು ಕೊರಕಲಿನಲ್ಲಿ ಕೂತರೆ ಅರ್ಧ ಕೆಲಸ ಮುಗಿದಂತೆ. ದನಗಳಿಗೆಂದು ಇಟ್ಟ ನೀರಿನ ತೊಟ್ಟಿಗಳ ಸುತ್ತಲೂ ಇದೇ ಲೆಕ್ಕ.

ಬಯಲಾದ್ದರಿಂದ ನಾನೂರು ಐನೂರು ಗಜಕ್ಕೆ ಹೊಡೆಯಲೇಬೇಕು ಎನ್ನುವವರ ಮಾತು ಕೇಳಬೇಡಿ. ನೆಲ ಸಪಾಟಾಗಿ ಕಂಡರೂ ಒಳಗೆ ಮಡಿಕೆಗಳಿರುತ್ತವೆ; ಮಂಡಿಗೆ ಪ್ಯಾಡ್, ಕೈಗೆ ಚರ್ಮದ ಗವಸು ಹಾಕಿಕೊಂಡು, ಪಾಪಾಸುಕಳ್ಳಿಯ ಮೇಲೆ ತೆವಳಲು ತಯಾರಿರುವವರಿಗೆ ಇನ್ನೂರು ಗಜದೊಳಗೆ ಹೋಗಲು ಸಾಧ್ಯ. ಪ್ರಾಣಿ ಚಿಕ್ಕದು, ಗಂಡೂ ಐವತ್ತು ಕಿಲೊ ಆಸುಪಾಸು. ಬರಿಗಣ್ಣಿಗೆ ದೂರ ತಪ್ಪಾಗಿ ಕಾಣುವುದರಿಂದ ಲೇಸರ್ ದೂರಮಾಪಕ ಇಟ್ಟುಕೊಳ್ಳಿ. ವಯೋಮಿಂಗಿನ ಗಾಳಿಯಲ್ಲಿ, ಗಂಟೆಗೆ ಹತ್ತು ಮೈಲಿ ಅಡ್ಡಗಾಳಿಯಾದರೂ, 6.5 ಕ್ರೀಡ್‌ಮೂರ್‌ನಂತಹ ಒಳ್ಳೆಯ ತೋಟಾ ಮುನ್ನೂರು ಗಜದಲ್ಲಿ ಐದಾರು ಇಂಚು ಪಕ್ಕಕ್ಕೆ ಸರಿಯುತ್ತದೆ. ಗಾಯಗೊಂಡು ಓಡುವ ಪ್ರಾಣಿ ಹುಟ್ಟುವುದು ಹಾಗೆ. ಕೋವಿಯೊಂದಿಗೆ ಇರುವಾಗ ಮೈಮೇಲೆ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಒಂದು ಉಡುಪು ಕಡ್ಡಾಯ, ಸಾರ್ವಜನಿಕ ರಸ್ತೆಯ ಮೇಲಿಂದಾಗಲಿ ಅದನ್ನು ದಾಟಿಯಾಗಲಿ ಗುಂಡು ಹಾರಿಸುವುದು ಅಪರಾಧ. ಇನ್ನು ಮಳೆ. ಆ ಕಡೆಯ ಬೆಂಟೊನೈಟ್ ಮಣ್ಣು ನಿಮ್ಮೂರ ಎರೆಮಣ್ಣಿನ ಜಾತಿಯದೇ. ನಾಲ್ಕು ಹನಿ ಬಿದ್ದರೆ ಚಕ್ರಕ್ಕೆ ಸುತ್ತಿಕೊಂಡು ಫೋರ್‌ವೀಲ್ ಗಾಡಿಯನ್ನೂ ಕೂರಿಸಿಬಿಡುತ್ತದೆ. ಮೋಡ ಕವಿದರೆ ಜಲ್ಲಿ ರಸ್ತೆಗೆ ಬಂದುಬಿಡಿ, ಎರಡು ದಿನಕ್ಕಾಗುವಷ್ಟು ನೀರು ಗಾಡಿಯಲ್ಲಿರಲಿ.

ಮನೆಯವರ ಆಕ್ಷೇಪಕ್ಕೆ ಬರುತ್ತೇನೆ. ಪ್ರಾಂಗ್‌ಹಾರ್ನ್ ಮಾಂಸ ವಾಸನೆ ಹೊಡೆಯುವುದು ಅದು ಸೇಜ್ ತಿನ್ನುವುದರಿಂದ ಎಂದು ಜನ ಹೇಳುತ್ತಾರೆ. ನಾನು ಕಂಡಂತೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಬೇಟೆಗಾರರದು. ಸೆಪ್ಟೆಂಬರಿನ ಮಧ್ಯಾಹ್ನ ಅಲ್ಲಿ 25 ಡಿಗ್ರಿ ದಾಟುವುದುಂಟು, ಪ್ರಾಣಿಯ ಕೂದಲು ಒಳಗೆ ಟೊಳ್ಳಾಗಿದ್ದು ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಓಡಿಸಿ ಹೊಡೆದು, ಫೋಟೊ ತೆಗೆದು, ಚರ್ಮ ಸಮೇತ ಪಿಕಪ್ಪಿನ ಹಿಂದೆ ಹಾಕಿಕೊಂಡು ಊರೆಲ್ಲ ಸುತ್ತಿದರೆ ಕುರಿಮಾಂಸವೂ ವಾಸನೆ ಹೊಡೆಯುತ್ತದೆ. ಟ್ಯಾಗಿನ ಮೇಲೆ ಆ ಕ್ಷಣವೇ ದಿನಾಂಕ ಗುರುತಿಸಿ ಕಟ್ಟಿ, ಕರುಳು ತೆಗೆದು, ಒಂದು ಗಂಟೆಯೊಳಗೆ ಚರ್ಮ ಸುಲಿದು, ಕೂದಲು ಮಾಂಸಕ್ಕೆ ತಾಗದಂತೆ ನೋಡಿಕೊಂಡು, ತುಂಡುಗಳನ್ನು ಐಸ್ ತುಂಬಿದ ಕೂಲರಿಗೆ ಹಾಕಿ. ಕರಗಿದ ನೀರು ಹೊರಗೆ ಹೋಗಲು ಅದರ ಬಿರಡೆಯನ್ನು ತೆಗೆದಿಡಿ. ಗಂಡೋ ಹೆಣ್ಣೋ ಎಂಬ ಪುರಾವೆಯನ್ನು ದೇಹದ ಮೇಲೆ ಉಳಿಸಿಕೊಳ್ಳುವ ನಿಯಮವನ್ನು ಮಾತ್ರ ಮರೆಯಬೇಡಿ. ಹದಿನೈದು ಇಪ್ಪತ್ತು ಕಿಲೊ ಎಳೆಯ ಮಾಂಸ ಸಿಗುತ್ತದೆ. ಜಿಂಕೆ, ಎಲ್ಕ್‌ಗಳಲ್ಲಿ ಹರಡಿರುವ ಸಿಡಬ್ಲ್ಯುಡಿ ಎಂಬ, ಮಿದುಳನ್ನು ಕೆಡಿಸಿ ಕೊಲ್ಲುವ ಕಾಯಿಲೆ ಪ್ರಾಂಗ್‌ಹಾರ್ನಿನಲ್ಲಿ ಕಂಡುಬಂದಿಲ್ಲ ಎಂಬುದನ್ನೂ ಮನೆಯಲ್ಲಿ ಹೇಳಬಹುದು. ಕೊಬ್ಬು ಕಡಿಮೆ ಇರುವುದರಿಂದ ಹೆಚ್ಚು ಹೊತ್ತು ಹುರಿದರೆ ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ತೊಡೆಯ ಮಾಂಸವನ್ನು ಕೊಚ್ಚಿ ಖೀಮಾ ಮಾಡುತ್ತೇವೆ.

ಕೊಂಬನ್ನು ಊರಿಗೆ ಒಯ್ಯಬೇಡಿ. ಪ್ರಾಂಗ್‌ಹಾರ್ನ್ ತನ್ನ ಕೊಂಬಿನ ಮೇಲಿನ ಕವಚವನ್ನು ಪ್ರತಿ ವರ್ಷ ಉದುರಿಸಿ ಹೊಸದು ಬೆಳೆಸುತ್ತದೆ, ಆಕಾರವೂ ಚಿಗರಿಯ ತಿರುಚು ಕೊಂಬಿನಂತಿಲ್ಲ. ಇದೆಲ್ಲ ನಿಮಗೂ ನನಗೂ ಗೊತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿರುವ ಚಿಗರಿಯ ಸೀಮೆಗೆ, ಕೈಚೀಲದಲ್ಲಿ ಒಂದು ಜೊತೆ ಕಪ್ಪು ಕೊಂಬು ಇಟ್ಟುಕೊಂಡು ಹೊರಟವರು ದೇವನಹಳ್ಳಿಯ ಕಸ್ಟಮ್ಸ್ ಮೇಜಿನ ಮುಂದೆ ರಾತ್ರಿ ಎರಡು ಗಂಟೆಗೆ ಪ್ರಾಣಿಶಾಸ್ತ್ರದ ಪಾಠ ಮಾಡಬೇಕಾದೀತು. ಅದನ್ನು ಡೆನ್ವರಿನ ಮನೆಯಲ್ಲೇ ಗೋಡೆಗೆ ಹಾಕಿ, ಊರಿಗೆ ಅದರ ಫೋಟೊ ಒಯ್ಯಿರಿ.